ಬಿಸಿಲು ಸೀಮೆಯ ಕೋಳಿಮರಿಗೆ ಅಮೈನೋ ಆಮ್ಲ

ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ರಾಯಚೂರು ಜಿಲ್ಲೆಯ ಕೋಳಿಮರಿಯ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ತೋಟದ ಮನೆಯಲ್ಲಿ ಉಪಕಸುಬಾಗಿ ಕೋಳಿ ಸಾಕುವವರು ನಮ್ಮಲ್ಲಿಯೂ ಇದ್ದಾರೆ. ಬೇಸಿಗೆಯ ಧಗೆ ಈಗ ಮಲೆನಾಡನ್ನೂ ಬಿಟ್ಟಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಾದರೋ ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡ್ ದಾಟುವುದು ವಾಡಿಕೆ. ಅಲ್ಲಿ ಮರಿ ಉಳಿಸುವ ಕ್ರಮವನ್ನು ತಿಳಿದರೆ ನಮಗೂ ಉಪಯೋಗವುಂಟು.

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಅದು ಮೈಯನ್ನು ತಂಪು ಮಾಡಿಕೊಳ್ಳಬೇಕು. ಮೊದಲ ವಾರದ ಮರಿಗೆ 33ರಿಂದ 35 ಡಿಗ್ರಿ ಕಾವು ಬೇಕೇ ಬೇಕು. ಅನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಕಾವು ಇಳಿಸಬೇಕು. ಆದ್ದರಿಂದ ಮೂರನೆಯ ವಾರಕ್ಕೆ ಬರುವಾಗ ಸಿಂಧನೂರಿನ ಮಧ್ಯಾಹ್ನವು ಮರಿಗೆ ಬೇಕಾದುದಕ್ಕಿಂತ ಹತ್ತು ಡಿಗ್ರಿಗೂ ಹೆಚ್ಚು ಬಿಸಿಯಾಗಿರುತ್ತದೆ.

ಸೆಕೆಯಲ್ಲಿ ಮರಿ ಮೇವು ಬಿಡುತ್ತದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಕೊಟ್ಟ ಲೆಕ್ಕದಂತೆ, ಮಾಂಸದ ಕೋಳಿಮರಿಯ ಮೊದಲ ಮೂರು ವಾರದ ಆಹಾರದಲ್ಲಿ ಲೈಸಿನ್ ಶೇ. 1.1, ಮೆಥಿಯೊನಿನ್ ಶೇ. 0.5 ಇರಬೇಕು. ದಿನಕ್ಕೆ 50 ಗ್ರಾಂ ತಿನ್ನುವ ಮರಿಗೆ ಹೀಗೆ 550 ಮಿಲಿಗ್ರಾಂ ಲೈಸಿನ್ ಸಿಗುತ್ತದೆ. ಅದೇ ಮರಿ 40 ಗ್ರಾಂ ಮಾತ್ರ ತಿಂದರೆ ಸಿಗುವುದು 440 ಮಿಲಿಗ್ರಾಂ.

ಕೊರತೆ ತುಂಬಲು ಹಿಂಡಿಯನ್ನೇ ಹೆಚ್ಚಿಸೋಣವೆಂದು ಅನೇಕರು ಎಣಿಸುತ್ತಾರೆ. ಇದು ಸರಿಯಲ್ಲ. ದೇಹಕ್ಕೆ ಬೇಡವಾದ ಸಸಾರಜನಕವನ್ನು ಒಡೆದು ಹೊರಹಾಕುವಾಗ ಮೈಯೊಳಗೆ ಇನ್ನಷ್ಟು ಶಾಖ ಹುಟ್ಟುತ್ತದೆ. ಮೇಲಾಗಿ ಜೋಳ ಮತ್ತು ಶೇಂಗಾ ಹಿಂಡಿ ಬೆರೆಸಿದ ಮೇವಿನಲ್ಲಿ ಲೈಸಿನ್, ಮೆಥಿಯೊನಿನ್ ಎರಡೂ ಕಡಿಮೆ. ಒಟ್ಟು ಸಸಾರಜನಕವನ್ನು ತುಸು ಇಳಿಸಿ, ಕೊರತೆಯ ಅಮೈನೋ ಆಮ್ಲಗಳನ್ನಷ್ಟೇ ಪ್ರತ್ಯೇಕವಾಗಿ ಸೇರಿಸುವುದು ಸರಿಯಾದ ದಾರಿ.

ಮನೆಯಲ್ಲೇ ಮೇವು ಕೂಡಿಸುವವರಿಗೆ ಒಂದು ಲೆಕ್ಕ: 100 ಕಿಲೋ ಮೇವಿಗೆ 100 ಗ್ರಾಂ ಡಿಎಲ್-ಮೆಥಿಯೊನಿನ್ ಬೆರೆಸಿದರೆ ಅದರ ಪ್ರಮಾಣ ಸುಮಾರು ಶೇ. 0.1ರಷ್ಟು ಏರುತ್ತದೆ. ಅಷ್ಟೇ ತೂಕದ ಲೈಸಿನ್ ಹೈಡ್ರೋಕ್ಲೋರೈಡಿನಿಂದ ಲೈಸಿನ್ ಏರುವುದು ಶೇ. 0.08ರಷ್ಟು. ಪುಡಿಯನ್ನು ಮೊದಲು ಒಂದೆರಡು ಕಿಲೋ ಹಿಟ್ಟಿನಲ್ಲಿ ಕಲಸಿ, ಬಳಿಕ ರಾಶಿಗೆ ಸೇರಿಸಬೇಕು. ಮೆಥಿಯೊನಿನ್ ಅತಿಯಾದರೆ ಮರಿಯ ಬೆಳವಣಿಗೆಯೇ ಕುಂಠಿತವಾಗುತ್ತದೆ. ಅಂಗಡಿಯ ಸಿದ್ಧ ಮೇವಿನಲ್ಲಿ ಇವು ಸಾಮಾನ್ಯವಾಗಿ ಸೇರಿಯೇ ಇರುತ್ತವೆ. ಚೀಲದ ಮೇಲಿನ ಚೀಟಿ ಓದಿ, ಪಶುವೈದ್ಯರನ್ನು ಕೇಳಿದ ಮೇಲೆಯೇ ಬೇರೆ ಸೀಸೆ ಕೊಳ್ಳುವುದು ಲೇಸು.

ಹೊಸ ಸಂಶೋಧನೆಯೂ ನಡೆದಿದೆ. ಸಿಟ್ರುಲಿನ್ ಎಂಬ ಅಮೈನೋ ಆಮ್ಲವನ್ನು ಬಾಯಿಯ ಮೂಲಕ ಕೊಟ್ಟಾಗ ಮರಿಗಳ ಮೈಶಾಖ ಇಳಿಯಿತೆಂದು 2010ರ ದಶಕದಲ್ಲಿ ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ವಿಜ್ಞಾನಿಗಳು ತೋರಿಸಿದರು. ಕಲ್ಲಂಗಡಿಯಲ್ಲಿ ಹೇರಳವಾಗಿರುವ ವಸ್ತುವಿದು; ಇದರ ಹೆಸರು ಬಂದದ್ದೂ ಆ ಹಣ್ಣಿನ ಶಾಸ್ತ್ರೀಯ ನಾಮದಿಂದಲೇ. ಆದರೆ ಹಣ್ಣು ತಿನ್ನಿಸಿದರೆ ಸಾಕೆಂದು ಯಾರೂ ತಿಳಿಯಬಾರದು.

ಯಾವ ಪುಡಿಯೂ ನೆರಳಿಗೆ ಸಮನಲ್ಲ. ಕೋಳಿಮನೆಯ ಉದ್ದ ಪೂರ್ವ-ಪಶ್ಚಿಮವಾಗಿರಲಿ, ಮಾಡಿಗೆ ಹುಲ್ಲು ಹೊದಿಸಿರಿ, ನೀರಿನ ತೊಟ್ಟಿಗೆ ನೆರಳು ಮಾಡಿರಿ. ಮಧ್ಯಾಹ್ನ ಮೇವು ತೆಗೆದು ಬೆಳಗಿನ ಜಾವ ಮತ್ತು ಸಂಜೆ ಹಾಕಿರಿ; ನೀರನ್ನು ಮಾತ್ರ ಎಂದೂ ತೆಗೆಯಬೇಡಿರಿ. ಮಸ್ಕಿಯ ಒಣ ಬಿಸಿಲಿಗೆ ಒದ್ದೆ ಗೋಣಿಯ ಪರದೆ ಚೆನ್ನಾಗಿ ತಂಪು ಕೊಡುತ್ತದೆ. ಕರಾವಳಿಯ ಅಡಿಕೆ ಸೀಮೆಯ ತೇವದ ಸೆಕೆಗೆ ಅದು ಅಷ್ಟಾಗಿ ಸಲ್ಲದು. ಅಲ್ಲಿ ಗಾಳಿ ಆಡಬೇಕು. ಇಷ್ಟನ್ನು ಮಾಡಿದ ಮೇಲೆ ಅಮೈನೋ ಆಮ್ಲಕ್ಕೆ ಹಾಕಿದ ಹಣ ಫಲ ಕೊಡುತ್ತದೆ. ಕಾದ ತಗಡಿನ ಕೆಳಗೆ ಏದುಸಿರು ಬಿಡುವ ಮರಿಯನ್ನು ಯಾವ ಸೀಸೆಯೂ ಉಳಿಸದು.