ಗಾಜಿನ ಪಟ್ಟಿ ಹೇಳುವ ಸುದ್ದಿ

ನಿಮ್ಮ ಮನೆಯಲ್ಲಿ ಅರುವತ್ತು ದಾಟಿದ ತಂದೆಯೋ ಮಾವನೋ ಇದ್ದರೆ ಸ್ವಲ್ಪ ಗಮನಿಸಿ. ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆಯೇ? ವುಝೂ ಮಾಡಿ ಹೊರಟವರು ಮತ್ತೆ ಹಿಂದಿರುಗುತ್ತಾರೆಯೇ? ಕೇಳಿದರೆ 'ವಯಸ್ಸಾಯಿತಲ್ಲ' ಎಂದು ಮಾತು ಮುಗಿಸುತ್ತಾರೆ. ಮಗಳು, ಸೊಸೆಯ ಮುಂದೆ ಹೇಳುವ ವಿಷಯವಲ್ಲ ಎಂಬ ಸಂಕೋಚ ಬೇರೆ. ಮಾನ್ವಿ, ದೇವದುರ್ಗದ ಕಡೆಯವರಿಗೆ ಇದರ ಜೊತೆಗೆ ರಾಯಚೂರಿನವರೆಗಿನ ಬಸ್ಸಿನ ಪ್ರಯಾಣದ ಚಿಂತೆಯೂ ಸೇರುತ್ತದೆ.

ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ವಯಸ್ಸಾದಂತೆ ಹಿಗ್ಗುತ್ತದೆ. ಹೆಚ್ಚಿನವರಲ್ಲಿ ಅದು ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರ್ ಆರಂಭದಲ್ಲಿ ಯಾವ ತೊಂದರೆಯನ್ನೂ ಕೊಡದೆ ಇರಬಹುದು. ರಕ್ತದ ಪಿ.ಎಸ್.ಎ. ಪರೀಕ್ಷೆಯೂ ಕೊನೆಯ ಮಾತಲ್ಲ. ಬರೀ ಸೋಂಕಾದರೂ ಅದರ ಅಂಕಿ ಏರುತ್ತದೆ. ಖಚಿತವಾಗಬೇಕಾದರೆ ಬಯಾಪ್ಸಿ, ಅಂದರೆ ಸೂಜಿಯಿಂದ ಗ್ರಂಥಿಯ ಹತ್ತು ಹನ್ನೆರಡು ಎಳೆಗಳನ್ನು ತೆಗೆಯಬೇಕು.

ಆ ಎಳೆಗಳು ಏನಾಗುತ್ತವೆಂದು ಮನೆಯವರಿಗೆ ಯಾರೂ ಹೇಳುವುದಿಲ್ಲ. ಅವುಗಳನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದ ಅಚ್ಚಿನಲ್ಲಿ ಕೂರಿಸಿ, ಕೂದಲಿಗಿಂತ ಎಷ್ಟೋ ತೆಳ್ಳಗೆ ಸೀಳಿ ಗಾಜಿನ ಸ್ಲೈಡಿನ ಮೇಲೆ ಹರಡುತ್ತಾರೆ. ನಂತರ ಬಣ್ಣ. ಮೆಕ್ಸಿಕೋ ಕಡೆಯ ಒಂದು ಮರದ ತಿರುಳಿನಿಂದ ಬಂದ ಹೆಮಟಾಕ್ಸಿಲಿನ್ ಜೀವಕೋಶದ ಬೀಜವನ್ನು ನೀಲಿಯಾಗಿಸಿದರೆ, ಇಯೋಸಿನ್ ಉಳಿದ ಭಾಗವನ್ನು ಗುಲಾಬಿಯಾಗಿಸುತ್ತದೆ. ಪೆಥಾಲಜಿ ವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡಿ ಗ್ಲೀಸನ್ ಅಂಕ ಕೊಡುತ್ತಾರೆ. ಅಮೆರಿಕದ ಡೊನಾಲ್ಡ್ ಗ್ಲೀಸನ್ 1966ರಲ್ಲಿ ರೂಪಿಸಿದ ಕ್ರಮವಿದು. ಮೂರು ಕೂಡಿಸು ನಾಲ್ಕೂ ಏಳೇ, ನಾಲ್ಕು ಕೂಡಿಸು ಮೂರೂ ಏಳೇ. ಆದರೆ ಎರಡನೆಯದು ಹೆಚ್ಚು ಗಂಭೀರ. ಇಷ್ಟು ಸೂಕ್ಷ್ಮವಾದ ಕಡೆ ಇಬ್ಬರು ನುರಿತ ವೈದ್ಯರ ಅಭಿಪ್ರಾಯ ಬೇರೆಯಾಗುವುದುಂಟು. ಶಸ್ತ್ರಚಿಕಿತ್ಸೆಯೋ, ವಿಕಿರಣವೋ, ಬರೀ ಕಾದು ನೋಡುವುದೋ ಎಂಬುದಕ್ಕೆ ಈ ಅಂಕವೂ ಒಂದು ಮುಖ್ಯ ಆಧಾರ.

ಕಣ್ಣಿನ ಅಂದಾಜಿಗೆ ಇನ್ನೊಂದು ಸಾಕ್ಷಿ ಬೇಕೆಂದು ವಿಜ್ಞಾನಿಗಳು ಹಿಡಿದದ್ದು ಅವಕೆಂಪು ಕಿರಣವನ್ನು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಇದೇ. ಪ್ರೋಟೀನ್, ಕೊಬ್ಬು, ಡಿ.ಎನ್.ಎ. ಒಂದೊಂದೂ ಈ ಬೆಳಕಿನ ಬೇರೆ ಬೇರೆ ಅಂಶವನ್ನು ಹೀರುತ್ತವೆ. ಹಾಗಾಗಿ ಅಂಗಾಂಶದ ಪ್ರತಿ ಚುಕ್ಕೆಯ ರಾಸಾಯನಿಕ ಗುರುತು ಸಿಗುತ್ತದೆ. ಕಂಪ್ಯೂಟರ್ ಅದನ್ನು ವಿಂಗಡಿಸಿ ನಕ್ಷೆ ಬಿಡಿಸುತ್ತದೆ. ದೆಹಲಿಯ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದ ರೋಹಿತ್ ಭಾರ್ಗವ ಮತ್ತು ಸಂಗಡಿಗರು 2005ರಲ್ಲಿ ಪ್ರಾಸ್ಟೇಟ್ ಅಂಗಾಂಶವನ್ನು ಹೀಗೆ ಬಣ್ಣವಿಲ್ಲದೆಯೇ ವಿಂಗಡಿಸಿ ತೋರಿಸಿದರು. ತೊಡಕೆಂದರೆ, ಈ ಕಿರಣದ ಬಹುಭಾಗವನ್ನು ಮಾಮೂಲಿ ಗಾಜು ತಾನೇ ನುಂಗಿಬಿಡುತ್ತದೆ. ದುಬಾರಿ ಸ್ಲೈಡ್ ಬೇಕು. ಗಾಜು ಬಿಟ್ಟುಕೊಡುವ ಅಲ್ಪ ಭಾಗವೊಂದೇ ಸಾಕೆಂದು ಮ್ಯಾಂಚೆಸ್ಟರ್‌ನ ಸಂಶೋಧಕರು 2017ರಲ್ಲಿ ಬಣ್ಣ ಹಾಕಿದ ಸ್ಲೈಡುಗಳಲ್ಲೇ ತೋರಿಸಿದರು. ಅದು ಸ್ತನದ ಅಂಗಾಂಶದಲ್ಲಿ. ಆಸ್ಪತ್ರೆಯಲ್ಲಿ ಈಗಾಗಲೇ ತಯಾರಾಗುವ ಸ್ಲೈಡನ್ನೇ ಓದುವಂತಾದರೆ ಬಡವರಿಗೂ ಇದು ಎಟುಕೀತು. ಸದ್ಯಕ್ಕೆ ಇದು ಮುಖ್ಯವಾಗಿ ಸಂಶೋಧನಾಲಯದ ವಿದ್ಯೆಯೇ. 'ಹೊಸ ಯಂತ್ರ ಬರಲಿ' ಎಂದು ಬಯಾಪ್ಸಿಯನ್ನು ಮುಂದೂಡಬೇಡಿ.

ಯಂತ್ರವಿಲ್ಲದಿದ್ದರೂ ಎರಡನೆಯ ಕಣ್ಣು ಸಿಗುತ್ತದೆ. ರಾಯಚೂರಿನಲ್ಲಿ 2007ರಿಂದ ಸರಕಾರಿ ವೈದ್ಯಕೀಯ ಕಾಲೇಜು, ರಿಮ್ಸ್ ಇದೆ. ಕಿದ್ವಾಯಿ ಸಂಸ್ಥೆ ಬೆಂಗಳೂರಿನಲ್ಲಿದೆ, ಅದರ ಶಾಖೆ ಕಲಬುರಗಿಯಲ್ಲಿದೆ. ಬಯಾಪ್ಸಿ ಮಾಡಿದಲ್ಲಿ ವರದಿಯ ಕಾಗದವೊಂದನ್ನೇ ಪಡೆದು ಬಂದುಬಿಡಬೇಡಿ. ಸ್ಲೈಡುಗಳನ್ನೂ ಮೇಣದ ಅಚ್ಚನ್ನೂ ಕೇಳಿ. ಬೇರೆ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಅವನ್ನು ಒಯ್ದರೆ ಎಷ್ಟೋ ಸಲ ಮತ್ತೆ ಸೂಜಿ ಚುಚ್ಚಿಸಿಕೊಳ್ಳದೆಯೇ ಇನ್ನೊಬ್ಬರ ಅಭಿಪ್ರಾಯ ಸಿಗುತ್ತದೆ. ಹೆಚ್ಚಿನ ಪರೀಕ್ಷೆ ಬೇಕೆನಿಸಿದರೆ ಅದೇ ಅಚ್ಚಿನಿಂದ ಹೊಸ ಸೀಳು ತೆಗೆಯುತ್ತಾರೆ.

ಹಿರಿಯರನ್ನು ಪ್ರತಿ ಸಲ ಬಸ್ಸಿನಲ್ಲಿ ಕೂರಿಸಬೇಕೆಂದೂ ಇಲ್ಲ. ಅನೇಕ ಕಡೆ ವೈದ್ಯರ ಚೀಟಿ ಹಿಡಿದು ಮಗನೋ ಅಳಿಯನೋ ಹೋದರೆ ನಡೆಯುತ್ತದೆ, ಮೊದಲೇ ವಿಚಾರಿಸಿಕೊಳ್ಳಿ. ಸ್ಲೈಡನ್ನು ಡಬ್ಬಿಯಲ್ಲಿಟ್ಟು ಬಟ್ಟೆ ಸುತ್ತಿ. ಅಚ್ಚು ಮೇಣದ್ದು, ನಮ್ಮ ರಾಯಚೂರಿನ ಏಪ್ರಿಲ್, ಮೇ ಬಿಸಿಲಿಗೆ ನಿಂತ ವಾಹನದೊಳಗೆ ಬಿಟ್ಟರೆ ಮೆತ್ತಗಾದೀತು. ಕೈಚೀಲದಲ್ಲಿ, ನೆರಳಲ್ಲಿರಲಿ.