ಹುಟ್ಟು ಹಿಡಿದ ಕೈಗಳು

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಮಹಿಳೆಯರಿಗೆ ವೈದ್ಯರು ಬಹಳ ಕಾಲ ಒಂದು ಎಚ್ಚರಿಕೆ ಹೇಳಿ ಕಳುಹಿಸುತ್ತಿದ್ದರು: ಆ ಭಾಗದ ಕೈಯಿಂದ ಭಾರ ಎತ್ತಬೇಡಿ, ಒಂದೇ ಸಮನೆ ದುಡಿಸಬೇಡಿ. ಹೀಗಿರುವಾಗ 1996ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಅಂತಹ 24 ಮಹಿಳೆಯರು ಉದ್ದನೆಯ ದೋಣಿ ಹತ್ತಿ ಹುಟ್ಟು ಹಾಕತೊಡಗಿದರು. ಹತ್ತಿಸಿದವರೂ ಒಬ್ಬ ವೈದ್ಯರೇ! ವಿಚಿತ್ರವೆನಿಸುವುದಿಲ್ಲವೆ?

ಮೊದಲು ಆ ಎಚ್ಚರಿಕೆಯ ಕಾರಣವನ್ನು ನೋಡೋಣ. ನಮ್ಮ ದೇಹದಲ್ಲಿ ರಕ್ತನಾಳಗಳಲ್ಲದೆ ದುಗ್ಧರಸ ನಾಳಗಳ ಜಾಲವೂ ಇದೆ. ಅಂಗಾಂಶಗಳ ನಡುವೆ ಉಳಿದ ದ್ರವವನ್ನು ಇವು ಮರಳಿ ರಕ್ತಕ್ಕೆ ಸೇರಿಸುತ್ತವೆ. ಕೈಯಿಂದ ಬರುವ ನಾಳಗಳು ಕಂಕುಳಿನ ದುಗ್ಧಗ್ರಂಥಿಗಳನ್ನು ಹಾದು ಹೋಗುತ್ತವೆ. ಸ್ತನ ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಮೊದಲು ತಲುಪುವುದೂ ಈ ಗ್ರಂಥಿಗಳನ್ನೇ. ಆದ್ದರಿಂದ ಅವನ್ನು ತೆಗೆಯಬೇಕಾಗಬಹುದು, ಇಲ್ಲವೆ ವಿಕಿರಣಕ್ಕೆ ಒಡ್ಡಬೇಕಾಗಬಹುದು. ಆಗ ಹೂಳು ತುಂಬಿದ ಕಾಲುವೆಯ ನೀರಿನಂತೆ ದ್ರವ ಹಿಂದೆಯೇ ನಿಂತು ಕೈ ಬಾತುಕೊಳ್ಳುತ್ತದೆ. ಇದೇ ಲಿಂಫೆಡೀಮಾ. ಒಮ್ಮೆ ಬಂದರೆ ಪೂರ್ತಿ ಹೋಗುವುದು ಕಷ್ಟ. ಕೈಯನ್ನು ದುಡಿಸಿದರೆ ಬಾವು ಬರುತ್ತದೆಂಬುದು ಆಗಿನ ನಂಬಿಕೆ. ನಂಬಿಕೆ ಎಂದೆ, ಅದಕ್ಕೆ ಗಟ್ಟಿಯಾದ ಪುರಾವೆ ಇರಲಿಲ್ಲ. ಆದರೆ ಒಂದು ಕೊಡ ನೀರನ್ನೂ ಎತ್ತದ ತೋಳು ಕ್ರಮೇಣ ಸೊರಗುತ್ತದೆ ಎಂಬುದಂತೂ ಸತ್ಯ.

ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ಕ್ರೀಡಾವೈದ್ಯ ಡಾ. ಡಾನ್ ಮೆಕೆಂಜಿ ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ದುಗ್ಧರಸಕ್ಕೆ ಹೃದಯದಂತಹ ಪ್ರತ್ಯೇಕ ಪಂಪು ಇಲ್ಲ. ಸ್ನಾಯುಗಳು ಸಂಕುಚಿಸಿದಾಗಲೆಲ್ಲ ನಾಳಗಳು ಅದುಮಿ ದ್ರವ ಮುಂದೆ ಸರಿಯುತ್ತದೆ. ಅಂದಮೇಲೆ ವ್ಯಾಯಾಮದಿಂದ ಕೆಡುಕೇ ಏಕಾಗಬೇಕು? ಅವರು ಆರಿಸಿಕೊಂಡದ್ದು ಚೀನಾ ಮೂಲದ ಡ್ರ್ಯಾಗನ್ ದೋಣಿಯನ್ನು. ನಮ್ಮ ಹರಿಗೋಲು ದುಂಡಗಿದ್ದರೆ ಇದು ಉದ್ದ, ಕಿರಿದು. ಮುಂದೆ ಡ್ರ್ಯಾಗನ್ ತಲೆ. ಸಾಮಾನ್ಯವಾಗಿ 20 ಜನ ಇಬ್ಬಿಬ್ಬರಂತೆ ಕುಳಿತು ನಗಾರಿಯ ತಾಳಕ್ಕೆ ಒಟ್ಟಿಗೆ ಹುಟ್ಟು ಹಾಕುತ್ತಾರೆ. ತೋಳು, ಭುಜ, ಬೆನ್ನುಗಳಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಬೇಕೆ?

ಅವರನ್ನು ಒಮ್ಮೆಲೇ ನೀರಿಗಿಳಿಸಲಿಲ್ಲ. ಮೊದಲು ವ್ಯಾಯಾಮಶಾಲೆಯಲ್ಲಿ ತರಬೇತಿ; ಆಮೇಲೆ ದೋಣಿ. ಕೊನೆಗೆ ನೋಡಿದರೆ ಹೊಸದಾಗಿ ಯಾರಿಗೂ ಲಿಂಫೆಡೀಮಾ ಬಂದಿರಲಿಲ್ಲ, ಇದ್ದವರಿಗೆ ಹೆಚ್ಚಾಗಿರಲೂ ಇಲ್ಲ. 1998ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅವರು ಇದನ್ನು ಪ್ರಕಟಿಸಿದರು. 24 ಜನರ ಅನುಭವವೇ ಪ್ರಮಾಣವಾದೀತೆ ಎಂದು ನೀವು ಕೇಳಬಹುದು, ಕೇಳಲೇಬೇಕು. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಗಲೇ ಕೈ ಬಾತಿದ್ದ 141 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆರಡು ಸಲ ಭಾರ ಎತ್ತಿಸಿದರು. ಬಾವು ಹೆಚ್ಚಲಿಲ್ಲ, ಅದು ಉಲ್ಬಣಿಸುವ ಪ್ರಸಂಗಗಳೇ ಆ ಗುಂಪಿನಲ್ಲಿ ಕಡಿಮೆಯಾದವು. ಆದರೆ ಅವರೂ ವೈದ್ಯರನ್ನು ಕೇಳದೆ, ತರಬೇತಿಯಿಲ್ಲದೆ ಭಾರಕ್ಕೆ ಕೈ ಹಾಕಿದವರಲ್ಲ.

ವ್ಯಾಂಕೂವರಿನ ಮಹಿಳೆಯರು ಪ್ರಯೋಗ ಮುಗಿದ ಮೇಲೂ ದೋಣಿ ಬಿಡಲಿಲ್ಲ. ಅವರನ್ನು ಕಂಡು ದೇಶ ದೇಶಗಳಲ್ಲಿ ತಂಡಗಳು ಹುಟ್ಟಿಕೊಂಡವು. 2010ರಲ್ಲಿ ಇವಕ್ಕೆ ಅಂತರರಾಷ್ಟ್ರೀಯ ಸಂಸ್ಥೆಯೊಂದೂ ಆಯಿತು. 2018ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ, 2023ರಲ್ಲಿ ನ್ಯೂಜಿಲೆಂಡಿನಲ್ಲಿ ಅವರ ಉತ್ಸವಗಳು ನಡೆದವು. ಇಂತಹ ಕೂಟಗಳಲ್ಲಿ ಸ್ಪರ್ಧೆ ಮುಗಿದ ಮೇಲೆ ದೋಣಿಗಳನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸುತ್ತಾರೆ. ನಗಾರಿ ಸುಮ್ಮನಾಗುತ್ತದೆ. ಆ ಕಾಯಿಲೆಗೆ ಬಲಿಯಾದ ಗೆಳತಿಯರ ಹೆಸರಿನಲ್ಲಿ ಒಬ್ಬೊಬ್ಬರೂ ಗುಲಾಬಿ ಬಣ್ಣದ ಹೂವನ್ನು ನೀರಿಗೆ ಬಿಡುತ್ತಾರೆ.