ಬಾಲ್ಕನಿಯ ತುಳಸಿ, ಬೆಂಡೆಗೆ ನುಸಿ: ಔಷಧಿ ತರುವ ಮೊದಲು

ಮೇ ತಿಂಗಳು ಬಂತೆಂದರೆ ದುಬೈ, ಶಾರ್ಜಾ, ದೋಹಾ ಫ್ಲ್ಯಾಟುಗಳಲ್ಲಿ ಒಂದೇ ದೂರು. ಚಳಿಗಾಲದಲ್ಲಿ ಸೊಂಪಾಗಿದ್ದ ತುಳಸಿ ಬೂದಿ ಬಣ್ಣಕ್ಕೆ ತಿರುಗಿದೆ, ಬೆಂಡೆ ಎಲೆ ಮೇಲೆ ಬಿಳಿ ಚುಕ್ಕೆ. ಬಿಸಿಲಿಗೆ ಸುಟ್ಟಿರಬೇಕು ಅಂತ ಇನ್ನೂ ಎರಡು ಚೊಂಬು ನೀರು ಹಾಕುತ್ತಾರೆ. ಗಿಡ ಮಾತ್ರ ಚೇತರಿಸುವುದಿಲ್ಲ. ಎಷ್ಟೋ ಸಲ ಕಾರಣ ಬಿಸಿಲಲ್ಲ, ನುಸಿ.

ಊರಲ್ಲಿ ತೆಂಗಿನಕಾಯಿಗೆ ಬಂದ ನುಸಿ ರೋಗ ನೆನಪಿರುವವರಿಗೆ ಹೆಸರು ಹೊಸದಲ್ಲ. ಇದು ಅದರ ದೂರದ ಸಂಬಂಧಿ, ಜೇಡ ನುಸಿ. ಕೀಟವಲ್ಲ, ಎಂಟು ಕಾಲಿನ ಜೇಡನ ಬಳಗದ್ದು. ಉದ್ದ ಅರ್ಧ ಮಿಲಿಮೀಟರ್ ಅಷ್ಟೆ. ಎಲೆಯ ಅಡಿಭಾಗದಲ್ಲಿ ಕೂತು ರಸ ಹೀರುತ್ತೆ. ಎಲೆ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ ನೋಡಿ. ಬಿದ್ದ ಧೂಳಿನ ಕಣ ನಡೆಯಲು ಶುರುಮಾಡಿದರೆ ಅದೇ. ಸಂದಿಯಲ್ಲಿ ಸಣ್ಣ ಬಲೆ ಕಂಡರೆ ಆಗಲೇ ತಡವಾಗಿದೆ.

ಇದಕ್ಕೆ ಬೇಕಾದ್ದು ಒಣ ಸೆಕೆ ಮತ್ತು ಧೂಳು. ಗಲ್ಫಿನಲ್ಲಿ ಎರಡಕ್ಕೂ ಬರವಿಲ್ಲ. ಎಸಿಯ ಹೊರಗಿನ ಯುನಿಟ್ ಬಿಸಿಗಾಳಿ ಊದುವ ಕಡೆ ಇಟ್ಟ ಕುಂಡಕ್ಕೇ ಮೊದಲ ಪೆಟ್ಟು. 30 ಡಿಗ್ರಿ ಸೆಕೆಯಲ್ಲಿ ಮೊಟ್ಟೆ ಬೆಳೆದು ದೊಡ್ಡ ನುಸಿಯಾಗಲು ಸುಮಾರು ಒಂದು ವಾರ ಸಾಕು. ಒಂದು ಹೆಣ್ಣು ನೂರರಷ್ಟು ಮೊಟ್ಟೆ ಇಡಬಲ್ಲದು. ಚಕ್ರಬಡ್ಡಿ ಲೆಕ್ಕ ಇದು. ಹದಿನೈದು ದಿನ ಸುಮ್ಮನಿದ್ದರೆ ಅಸಲೇ ಹೋಗುತ್ತೆ.

ಮೊದಲ ಮದ್ದು ನೀರು. ತೀರಾ ಹಾಳಾದ ಎಲೆಗಳನ್ನು ಕಿತ್ತು, ಚೀಲದಲ್ಲಿ ಕಟ್ಟಿ ಬಿಸಾಡಿ. ಉಳಿದವನ್ನು ಅಡಿಭಾಗಕ್ಕೆ ಬೀಳುವ ಹಾಗೆ ಜೋರಾಗಿ ತೊಳೆಯಿರಿ. ಆದರೆ ನಲ್ಲಿಯಿಂದ ನೇರ ಬೇಡ, ಬೇಸಿಗೆಯಲ್ಲಿ ಟ್ಯಾಂಕಿನ ನೀರು ಕೈ ಸುಡುತ್ತದಲ್ಲ! ರಾತ್ರಿಯೇ ಬಕೆಟಿನಲ್ಲಿ ತುಂಬಿಸಿ ಒಳಗಿಡಿ. ಎಸಿಯಿಂದ ತೊಟ್ಟಿಕ್ಕುವ ನೀರೂ ಆಗುತ್ತೆ.

ಅದಕ್ಕೂ ಬಗ್ಗದಿದ್ದರೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನೆಣ್ಣೆ, ನಾಲ್ಕೈದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ, ಸೂರ್ಯ ಮುಳುಗಿದ ಮೇಲೆ ಸ್ಪ್ರೇ ಮಾಡಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಮೊದಲು ಒಂದೆರಡು ಎಲೆಗೆ ಹಾಕಿ ನೋಡಿ. ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ, ಏಕೆಂದರೆ ಮೊಟ್ಟೆಗಳು ಉಳಿದುಕೊಂಡು ಮೂರ್ನಾಲ್ಕು ದಿನಕ್ಕೆ ಒಡೆಯುತ್ತವೆ. ಐದು ದಿನಕ್ಕೊಮ್ಮೆಯಂತೆ ಮೂರು ಸಲ ಮಾಡಬೇಕು, ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ದಿನಾ ಕಿತ್ತು ತಿನ್ನುವ ತುಳಸಿ, ಬಸಳೆಗೆ ಆದಷ್ಟೂ ನೀರಲ್ಲೇ ಮುಗಿಸುವುದು ಒಳ್ಳೆಯದು.

ಇಷ್ಟೆಲ್ಲ ಯಾರು ಮಾಡ್ತಾರೆ, ಯಾರನ್ನಾದರೂ ಕೇಳಿ 'ಸ್ಟ್ರಾಂಗ್ ಔಷಧಿ' ತಂದರಾಯ್ತು ಅನ್ನುವವರಿದ್ದಾರೆ. ಸಾಮಾನ್ಯ ಕೀಟನಾಶಕಕ್ಕೆ ನುಸಿ ಅಷ್ಟಾಗಿ ಸಾಯುವುದಿಲ್ಲ, ಅದನ್ನು ತಿನ್ನುವ ಹುಳಗಳು ಸಾಯುತ್ತವೆ. ಇನ್ನು ಲೇಬಲ್ ಇಲ್ಲದ ಪುಡಿ, ಮಾತ್ರೆಗಳನ್ನು ಮನೆಯೊಳಗೆ ತರಲೇಬೇಡಿ. ತಿಗಣೆಗೆಂದು ಇಟ್ಟ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯ ಅನಿಲ ಪಕ್ಕದ ಫ್ಲ್ಯಾಟಿಗೆ ಹರಡಿ ಯುಎಇಯಲ್ಲಿ ಮಕ್ಕಳು ಸತ್ತಿದ್ದಾರೆ. ಮನೆಬಳಕೆಗೆ ಅದು ಅಲ್ಲಿ ನಿಷಿದ್ಧ. ಆರು ಜನ ಮಲಗುವ ಬೆಡ್‌ಸ್ಪೇಸ್ ರೂಮಿನಲ್ಲಿ ಒಂದು ಗಿಡದ ಸಲುವಾಗಿ ಅಂಥ ಸಾಹಸ ಯಾಕೆ?

ಜುಲೈ ರಜೆಗೆ ಊರಿಗೆ ಹೊರಡುವವರು ಹಿಂದಿನ ದಿನ ಗಿಡಗಳನ್ನು ತೊಳೆದು, ಅರ್ಧಕ್ಕೆ ಕತ್ತರಿಸಿ, ಎಸಿ ಗಾಳಿ ತಾಗದ ನೆರಳಿಗೆ ಸರಿಸಿಡಿ. ನೀರು ಹಾಕಲು ಒಪ್ಪಿಕೊಂಡ ರೂಮ್‌ಮೇಟ್‌ಗೆ ಬರೀ ಬುಡಕ್ಕಲ್ಲ, ವಾರಕ್ಕೆರಡು ಸಲ ಎಲೆಯ ಅಡಿಗೂ ಹಾಕಲು ಹೇಳಿ ಹೋಗಿ.